ಇಳಿತ ನೋಡಿ ಬಿಟ್ಟ ನೀರು

ಗಿರಿಜಕ್ಕ, ನೀವು ಮಾರುತ್ತಿದ್ದ ಚಿಪ್ಪುಮೀನಿಗೆ ಫಿನಾಯಿಲಿನಂಥ ವಾಸನೆ ಹಿಡಿದದ್ದು ನಿಮ್ಮ ಬುಟ್ಟಿಯಿಂದಲ್ಲ. ನನ್ನಿಂದ. ಹನ್ನೊಂದು ವರ್ಷ ಬಾಯಿ ಬಿಡಲಿಲ್ಲ — ಥೂ, ನನ್ನ ಜನ್ಮಕ್ಕೆ!

ತಲ್ಲೂರಿನ ಹೊಳೆ ಬದಿಯ ಆ ಕಾರ್ಖಾನೆಯಲ್ಲಿ ನಾನು ಸೂಪರ್‌ವೈಸರ್ ಆಗಿದ್ದೆನಲ್ಲ. ಗೇರುಬೀಜದ ಸಿಪ್ಪೆಯೆಣ್ಣೆಗೆ ಫಿನಾಲ್ ಸೇರಿಸಿ ಅಂಟು ಮಾಡುತ್ತಿದ್ದೆವು. ಉಳಿದ ಕೊಳಕು ನೀರಿನಲ್ಲೂ ಫಿನಾಲ್ ಇರುತ್ತಿತ್ತು. ಅದನ್ನು ವಾಪಸು ತೆಗೆಯಲು ಆ ನೀರಿಗೆ ಸಾಲ್ವೆಂಟ್ ಕಲಸಿ ಸುಮ್ಮನೆ ಬಿಡಬೇಕು. ಸಾಲ್ವೆಂಟ್ ಫಿನಾಲನ್ನು ಎಳೆದುಕೊಂಡು ಎಣ್ಣೆಯ ಹಾಗೆ ಮೇಲೆ ನಿಲ್ಲುತ್ತದೆ, ಅಡಿಯ ನೀರನ್ನು ಬೇರೆ ಮಾಡುವುದು. ಒಂದು ಸಲ ಸಾಲದು — ಅದೇ ನೀರಿಗೆ ಮತ್ತೆರಡು ಸಲ ಹೊಸ ಸಾಲ್ವೆಂಟ್ ಹಾಕಬೇಕು. ಆ ವಾರ ಸಾಲ್ವೆಂಟಿನ ಡ್ರಮ್ ಬಂದಿರಲಿಲ್ಲ. ಟ್ಯಾಂಕ್ ತುಂಬಿತ್ತು, ಕೆಲಸ ನಿಲ್ಲಿಸಲು ನನಗೆ ಧೈರ್ಯವಿರಲಿಲ್ಲ. ಒಂದೇ ಸಲ ಫಿನಾಲ್ ತೆಗೆದ ನೀರನ್ನು ಹೊಳೆಗೆ ಬಿಡಿಸಿದೆ. ನಾಲ್ಕು ದಿನ.

ಹೊಳೆ ಸಮುದ್ರದ ಕಡೆ ಇಳಿಯುವ ಹೊತ್ತು, ಇಳಿತ ನೋಡಿಯೇ ಬಿಟ್ಟೆ. ಸೀದಾ ಸಮುದ್ರಕ್ಕೆ ಹೋಗಿಬಿಡುತ್ತದೆ ಅಂದುಕೊಂಡೆ. ಹೊಳೆ ಬದಿಯಲ್ಲೇ ಹುಟ್ಟಿದವನು ನಾನು — ಇಳಿತದಲ್ಲೇ ಅಲ್ಲವೇ ನೀವು ಮೊಣಕಾಲು ನೀರಿಗಿಳಿದು ಚಿಪ್ಪು ಹೆಕ್ಕುತ್ತಿದ್ದದ್ದು... ಆ ನೆನಪೇ ಆಗಲಿಲ್ಲ. ಅಥವಾ ಆಯಿತೋ — ಈಗ ಖಂಡಿತ ಹೇಳಲಾರೆ.

ನಮ್ಮ ಮನೆಗೂ ನೀವೇ ಚಿಪ್ಪು ತರುತ್ತಿದ್ದಿರಿ. ಆ ವಾರವೇ ಒಂದು ಮಧ್ಯಾಹ್ನ ಮೊದಲ ತುತ್ತಿಗೇ ನನಗೆ ತಿಳಿಯಿತು. ಅದು ದಿನವೂ ನನ್ನ ಅಂಗಿಯಲ್ಲಿರುತ್ತಿದ್ದ ವಾಸನೆ. ಹೆಂಡತಿ ಬಟ್ಟಲು ಸರಿಸಿ, "ಎಂತ ವಾಸ್ನಿ ಮಾರಾಯ್ರೆ ಇದ್!" ಎಂದಳು. ಪಕ್ಕದ ಮನೆಯವರೂ ಅದನ್ನೇ ಕೇಳುತ್ತ ಬಂದರು. ಎಲ್ಲರೆದುರು ನಾನು ಹೇಳಿದ್ದು ಒಂದೇ ಮಾತು:

"ಬುಟ್ಟಿ ಸಮ ತೊಳುದಿಲ್ಲ ಕಾಂತ್."

ಅಷ್ಟೇ. ಕೇರಿಯೆಲ್ಲ ಅದೇ ಮಾತಾಯಿತು. ಕೊಳೆತದ್ದನ್ನು ಫಿನಾಯಿಲಿನಲ್ಲಿ ತೊಳೆದು ಮಾರುತ್ತಾಳೆ ಎನ್ನುವವರೆಗೆ ಬೆಳೆಯಿತು. ನಿಮ್ಮ ಕೈಯಿಂದ ಯಾರೂ ಕೊಳ್ಳದಾದರು.

ಒಂದು ಬೆಳಿಗ್ಗೆ ಹೊಸ ಬುಟ್ಟಿ ಹಿಡಿದು ನಮ್ಮ ಮನೆಗೆ ಬಂದಿರಿ. "ತಪ್ಪಾಯ್ತ್ ಕಾಣಿ. ಹಳಿ ಬುಟ್ಟಿ ಸುಟ್ ಹಾಕ್ದೆ. ಇನ್ ಹಿಂಗ್ ಆತಿಲ್ಲೆ" ಎಂದಿರಿ. ಮಾಡದ ತಪ್ಪಿಗೆ, ಮಾಡಿದವನ ಮುಂದೆ ಕೈ ಮುಗಿದಿರಿ! ಆಗಲಾದರೂ ನಾನು... ಇಲ್ಲ. "ಅಡ್ಡಿಲ್ಲ ಬಿಡಿ" ಎಂದೆ. ದೊಡ್ಡ ಮನುಷ್ಯನ ಹಾಗೆ ಕ್ಷಮಿಸಿ ಕಳಿಸಿದೆ. ಅಂದೂ ಕೊಳ್ಳಲಿಲ್ಲ.

ಆಮೇಲೆ ನೀವು ಹೊಳೆ ಬಿಟ್ಟು ಗೇರುಬೀಜ ಸುಲಿಯಲು ಹೋದಿರಿ. ಈಗ ಬಾರ್ಕೂರಿನಲ್ಲಿ ಮಗಳ ಮನೆಯಲ್ಲಿದ್ದೀರಂತೆ. ಮೊನ್ನೆ ಬಸ್ಸಿನಲ್ಲಿ ಸಿಕ್ಕ ಅವಳೇ ಹೇಳಿದಳು — ಅನ್ನ ಬಡಿಸುವ ಮೊದಲು ನೀವು ಕೈ ಮೂಸಿಕೊಳ್ಳುತ್ತೀರಂತೆ. "ಈಗ್ಳೂ ವಾಸ್ನಿ ಬತ್ತಾ?" ಎಂದು ಮೊಮ್ಮಕ್ಕಳನ್ನು ಕೇಳುತ್ತೀರಂತೆ. ಅವಳು ನಗುತ್ತಲೇ ಹೇಳಿದಳು. ಮನೆಗೆ ಬಂದು ಈ ಕಾಗದ ಬರೆಯಲು ಕೂತೆ.

ಇದನ್ನು ಮೊದಲು ನಮ್ಮ ಕೇರಿಯ ಮನೆಮನೆಯಲ್ಲೂ ಓದಿ ಹೇಳಿ, ಆಮೇಲೆ ನಿಮ್ಮಲ್ಲಿಗೆ ಬರುತ್ತೇನೆ. ಕ್ಷಮೆ ಕೇಳಲು ಅಲ್ಲ, ಆ ಮುಖ ನನಗಿಲ್ಲ. ನಿಮ್ಮ ಕೈಯಲ್ಲಿ ಯಾವತ್ತೂ ಏನೂ ಇರಲಿಲ್ಲ ಎಂದು ಆ ಮಕ್ಕಳ ಎದುರು ಹೇಳಬೇಕು.