ಬೋಟಿಗೆ ನಿಂಬೆಹಣ್ಣು ಇಟ್ಟ ಜಹೀರಣ್ಣ

ಅಮೃತೂರು ರೂಟಿನ ಪ್ರೈವೇಟ್ ಬಸ್ಸಿನಲ್ಲಿ ತಲೆ ನರೆಯುವ ತನಕ ಸ್ಟೀರಿಂಗ್ ಹಿಡಿದ ಜಹೀರ್ ಅಹಮದ್‌ಗೆ ಎರಡು ಹೆಮ್ಮೆ. ಒಂದು, ಅವನ ಬಸ್ಸು ದಾರಿಯಲ್ಲಿ ಒಂದು ಕೋಳಿಯ ಪುಕ್ಕವನ್ನೂ ಕಿತ್ತದ್ದಿಲ್ಲ. ಇನ್ನೊಂದು, ಚಕ್ರದಡಿ ನಿಂಬೆಹಣ್ಣು ಇಡದೆ ಅವನು ಹೊಸ ಗಾಡಿ ಎತ್ತಿದ್ದಿಲ್ಲ. ಸಾಬರಿಗೂ ನಿಂಬೆಹಣ್ಣಾ ಅಂತ ಯಾರಾದರೂ ಕೆಣಕಿದರೆ, ಇದು ಧರ್ಮದ ಮಾತಲ್ಲ, ಡ್ರೈವರಿಕೆಯ ಮಾತು ಅನ್ನುತ್ತಿದ್ದ.

ಬೇರೆ ಡ್ರೈವರುಗಳು ಬಸ್ಸನ್ನು ಗದ್ದೆಗೆ ಇಳಿಸಿ ಬಂದು ತಪ್ಪನ್ನು ಬ್ರೇಕಿನ ಮೇಲೆ ಹಾಕಿದರೆ ಮಾತ್ರ ಉರಿದುಬೀಳುತ್ತಿದ್ದ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ! "ಬ್ರೇಕ್ ಫೇಲ್ ಆಗಲ್ಲ ಕಣೋ, ಡ್ರೈವರ್ ಫೇಲ್ ಆಗ್ತಾನೆ." ಬಸ್ ಸ್ಟ್ಯಾಂಡಿನಲ್ಲಿ ಈ ಮಾತು ಕೇಳದ ಕಿವಿ ಇರಲಿಲ್ಲ.

ಕ್ಲಚ್ ತುಳಿದು ತುಳಿದು ಅವನ ಎಡಮಂಡಿ ಸವೆದಿತ್ತು. ಹೆಂಡತಿ ಬಾನು ಮಂಡಿಗೆ ಎಣ್ಣೆ ತಿಕ್ಕುತ್ತಾ ಬಸ್ಸಿಗೂ ಬಸ್ಸಿನ ಓನರಿಗೂ ಒಟ್ಟಿಗೇ ಶಾಪ ಹಾಕುತ್ತಿದ್ದಳು. ಅಷ್ಟರಲ್ಲಿ, ಎರಡು ಸಾವಿರದ ಒಂದರಲ್ಲಿ, ಕುಣಿಗಲ್ ಕೆರೆಗೆ ಮೋಟಾರ್ ಬೋಟು ಬಂತು.

ಕೆರೆ ಸಮಿತಿಯ ಅಧ್ಯಕ್ಷರಾದ ವೆಂಕಟರಂಗಯ್ಯನವರು ಗೋವಾಕ್ಕೆ ಹೋಗಿ ಬಂದಿದ್ದೇ ಇದಕ್ಕೆಲ್ಲ ಕಾರಣ. ಅಲ್ಲಿ ಏನು ನೋಡಿದರೋ, ಬಂದವರೇ ನೀರಿನ ಮೇಲೆ ಮರದ ಕಟ್ಟೆ ಕಟ್ಟಿಸಿದರು. ಅದರ ಪಕ್ಕಕ್ಕೆ ಕಾಲಲ್ಲಿ ತುಳಿಯುವ ನಾಲ್ಕು ಹಂಸದ ದೋಣಿ ಕಟ್ಟಿಸಿ, 'ಬೋಟ್ ಸ್ಟ್ಯಾಂಡ್' ಅಂತ ಬೋರ್ಡು ಹಾಕಿಸಿದರು. ಬೋಟು ಓಡಿಸುವವರು ಯಾರು? ಊರಿನಲ್ಲಿ ನೀರು ಗೊತ್ತಿದ್ದವರಿಗೆ ಎಂಜಿನ್ ಗೊತ್ತಿಲ್ಲ, ಎಂಜಿನ್ ಗೊತ್ತಿದ್ದವರಿಗೆ ಈಜು ಬಾರದು. ಕೊನೆಗೆ ಜಹೀರಣ್ಣನೇ ಸಿಕ್ಕಿದ. ಕ್ಲಚ್ ಇಲ್ಲದ ಗಾಡಿ ಅಂತ ತಿಳಿದ ಮೇಲೆ ಬಾನು ಅವನಿಗಿಂತ ಮೊದಲೇ ಒಪ್ಪಿಕೊಂಡಳು. ಮಂಡಿಗೂ ಕೊನೆಗೆ ಒಂದು ಬಿಡುವು ಸಿಕ್ಕಿತು ಅಂತ ಅವಳ ಕಣ್ಣಲ್ಲಿ ನೀರು ಬಂತು.

ಉದ್ಘಾಟನೆಯ ದಿನ ಪೂಜೆಯಾಯಿತು, ಕುಂಬಳಕಾಯಿ ಒಡೆಯಿತು. ಜಹೀರಣ್ಣ ನಿಂಬೆಹಣ್ಣು ಹಿಡಿದು ಬೋಟಿನ ಸುತ್ತ ನೋಡಿದ. ಚಕ್ರವಿಲ್ಲ. ಪೂಜಾರಿ ಶಿವರಾಮಯ್ಯನವರು, ನೀರಿಗೆ ಎಸೆದು ಕೈ ಮುಗಿ ಮಾರಾಯ ಅಂದರು. ಅವನ ಮನಸ್ಸು ಕೇಳಬೇಕಲ್ಲ! ಗಾಡಿ ಹೊರಡುವಾಗ ಹಣ್ಣು ಅಪ್ಪಚ್ಚಿಯಾಗಲೇಬೇಕು. ಯೋಚಿಸಿ ಯೋಚಿಸಿ ಎಕ್ಸಿಲೇಟರ್ ಹಿಡಿಯ ಬುಡದಲ್ಲಿ ಸಿಕ್ಕಿಸಿದ. ಹಿಡಿ ಮುಂದಕ್ಕೆ ಹೋದರೆ ಹಣ್ಣು ಜಜ್ಜಿಹೋಗುತ್ತದೆ, ಶಾಸ್ತ್ರ ಮುಗಿಯುತ್ತದೆ. ಎಂಥಾ ಬುದ್ಧಿ!

ಹಿಡಿ ಮುಂದಕ್ಕೆ ಹೋಯಿತು. ಹಣ್ಣು ಮಾತ್ರ ಜಜ್ಜಿಹೋಗಲಿಲ್ಲ, ಜಾರಿ ಹಿಡಿಯ ಹಿಂದೆ ಹೋಗಿ ಕೂತಿತು. ಶಾಲು ಹೊದ್ದ ವೆಂಕಟರಂಗಯ್ಯನವರನ್ನು ಕೂರಿಸಿಕೊಂಡು ಬೋಟು ಕೆರೆಯಲ್ಲಿ ಚೆನ್ನಾಗಿಯೇ ಒಂದು ಸುತ್ತು ಹಾಕಿತು. ಕಟ್ಟೆ ಹತ್ತಿರ ಬಂದಾಗ ಜಹೀರಣ್ಣ ಹಿಡಿ ಎಳೆದ. ಅದು ಅಲ್ಲಾಡಲಿಲ್ಲ. ಕೀ ತಿರುಗಿಸಿದ್ದರೆ ಎಂಜಿನ್ ನಿಲ್ಲುತ್ತಿತ್ತು. ಆದರೆ ಅವನ ಬಲಗಾಲು ಜೀವಮಾನವಿಡೀ ಮಾಡಿದ್ದನ್ನೇ ಮಾಡಿತು, ಬ್ರೇಕ್ ಹುಡುಕಿತು. ತುಳಿದ, ಮತ್ತೆ ತುಳಿದ, ಎದ್ದು ನಿಂತು ತುಳಿದ. ಕೆಳಗೆ ಬರೀ ಹಲಗೆ. ಇದೂ ಒಂದು ಆಟವಿರಬೇಕು ಅಂತ ದಡದ ಜನ ಚಪ್ಪಾಳೆ ತಟ್ಟಿದರು.

ಬೋಟು ಎರಡು ಹಂಸಗಳ ಕತ್ತು ಮುರಿದು, ಕಟ್ಟೆಯ ಅರ್ಧವನ್ನು ಕೆಡವಿ, 'ಬೋಟ್ ಸ್ಟ್ಯಾಂಡ್' ಬೋರ್ಡನ್ನು ಮೂತಿಗೆ ಸಿಕ್ಕಿಸಿಕೊಂಡು ಕೆಸರಿನಲ್ಲಿ ನಿಂತಿತು. ಕಟ್ಟೆ ಮೇಲಿದ್ದವರು ಮೊದಲೇ ಹಾರಿಕೊಂಡಿದ್ದರು. ಅಧ್ಯಕ್ಷರು ಬೋಟಿನಿಂದ ಉರುಳಿ ಮಂಡಿಯುದ್ದದ ನೀರಿನಲ್ಲಿ ಕೂತು, ಮುಳುಗಿದೆ ಮುಳುಗಿದೆ ಅಂತ ಕೂಗಿಕೊಂಡರು. ಯಾರಿಗೂ ಏನೂ ಆಗಲಿಲ್ಲ. ನೋಡಿದಿರಾ, ನಿಂಬೆಹಣ್ಣು ಕಾಪಾಡಿತು ಅಂತ ಊರೆಲ್ಲ ಮಾತಾಡಿಕೊಂಡಿತು. ಜಹೀರಣ್ಣನಿಗೆ ನಾಚಿಕೆಯಿಂದ ನೆಲ ಬಾಯಿ ಬಿಡಬಾರದೇ ಅನ್ನಿಸಿತು.

ಮಾರನೆಯ ದಿನ ವಿಚಾರಣೆ. ವಿಚಾರಿಸುವವರೂ ವೆಂಕಟರಂಗಯ್ಯನವರೇ. ಜಹೀರಣ್ಣ ಹಣ್ಣನ್ನು ಮೇಜಿನ ಮೇಲಿಟ್ಟು ನಡೆದದ್ದನ್ನೆಲ್ಲ ಹೇಳಿದ. ಅಧ್ಯಕ್ಷರು ಹಣ್ಣನ್ನು ಡ್ರಾಯರಿಗೆ ತಳ್ಳಿದರು. ಸಮಿತಿಯ ಬೋಟು ನಿಂಬೆಹಣ್ಣಿಗೆ ಸೋತಿತು ಅಂತ ಬರೆದರೆ ತುಮಕೂರಿನ ತನಕ ನಗುತ್ತಾರೆ.

"ಬ್ರೇಕ್ ಫೇಲ್ ಅಂತ ಬರ್ಕೊಡು ಜಹೀರಣ್ಣ. ನಿನ್ ಕೆಲ್ಸಾನೂ ಉಳೀತದೆ, ನನ್ ಮಾನಾನೂ ಉಳೀತದೆ."

ಪೆನ್ನು ಹಿಡಿದ ಜಹೀರಣ್ಣನಿಗೆ ಬಾನು ಕಣ್ಣ ಮುಂದೆ ಬಂದಳು, ಮಂಡಿ ನೆನಪಾಯಿತು. ಆಮೇಲೆ, ಯಾರ್ಯಾರನ್ನು ತಾನು ಇದೇ ಮಾತಿಗೆ ಬಸ್ ಸ್ಟ್ಯಾಂಡಿನ ನಡುವೆ ನಿಲ್ಲಿಸಿ ಮರ್ಯಾದೆ ತೆಗೆದಿದ್ದನೋ ಅವರೆಲ್ಲರೂ ಬಂದರು. ಪೆನ್ನು ಕೆಳಗಿಟ್ಟ.

"ಬೋಟ್‌ಗೆ ಬ್ರೇಕೇ ಇಲ್ಲ ಸಾರ್. ಡ್ರೈವರ್ ಫೇಲ್ ಅಂತ ನೀವೇ ಬರ್ಕೊಳ್ಳಿ."

ಬರೆದುಕೊಂಡು ಕೆಲಸದಿಂದ ತೆಗೆದರು, ಸಂತೋಷವಾಗಿಯೇ. ಅಂದು ಬಾನು ಅನ್ನದ ತಟ್ಟೆಯನ್ನು ಕುಕ್ಕಿ ಹೋದಳು. ರಾತ್ರಿ ಎಣ್ಣೆ ಬಟ್ಟಲನ್ನು ಮಾತ್ರ ತಂದು ಮಂಡಿಯ ಪಕ್ಕದಲ್ಲಿಟ್ಟಳು.

ವಾರದೊಳಗೆ ಹಳೇ ಓನರು ಕರೆದು ಹೊಸ ಬಸ್ಸು ಕೊಟ್ಟ. ಸ್ಟ್ಯಾಂಡಿನವರೆಲ್ಲ ಹಲ್ಲು ಕಿರಿಯುತ್ತಾ ನಿಂತಿದ್ದರು. ಜಹೀರಣ್ಣ ಬಗ್ಗಿ ನಿಂಬೆಹಣ್ಣನ್ನು ಟಯರಿನ ಕೆಳಗೇ ಇಟ್ಟ, ಸರಿಯಾಗಿದೆಯಾ ಅಂತ ಇನ್ನೊಮ್ಮೆ ಬಗ್ಗಿ ನೋಡಿದ. ಆಮೇಲೆ ಹತ್ತಿ ಕೂತು, ಹಲ್ಲು ಕಚ್ಚಿಕೊಂಡು ಕ್ಲಚ್ ತುಳಿದ.