ಮಗಳ ಹೆಸರು ನನ್ನ ಕೊರಳಲ್ಲಿ

ಕ್ಯೂನಲ್ಲಿ ಜಾಗ ಹಿಡಿಯುವುದು ನಮ್ಮ ಮನೆಯವರ ರಕ್ತದಲ್ಲೇ ಇದೆ. ರೇಷನ್ ಅಂಗಡಿಯಿಂದ ವೀಸಾ ಆಫೀಸಿನವರೆಗೆ ಒಬ್ಬರು ಮುಂಚೆ ಹೋಗಿ ನಿಲ್ಲಬೇಕು, ಉಳಿದವರು ನಿಧಾನವಾಗಿ ಬರಬೇಕು. ಮಗಳ ಕಾಲೇಜಿನ ಓರಿಯೆಂಟೇಷನ್ ದಿನವೂ ಅಷ್ಟೇ. ಅವಳು ಕಾರು ಪಾರ್ಕ್ ಮಾಡಿ ಬರುವಷ್ಟರಲ್ಲಿ ನಾನು ವಿದ್ಯಾರ್ಥಿಗಳ ಸಾಲಿನಲ್ಲಿ ನಿಂತಿದ್ದೆ.

ದಾರಿಯುದ್ದಕ್ಕೂ ನಮ್ಮಿಬ್ಬರಿಗೆ ಜಗಳ. ಆ ರಾತ್ರಿ ಹೊಸಬರೆಲ್ಲ ಅಲ್ಲೇ ಉಳಿಯಬೇಕಿತ್ತು, ಅದಕ್ಕೇನೋ ಒಪ್ಪಿದ್ದೆ. ಆದರೆ ಅವಳಿಗೆ ವರ್ಷವಿಡೀ ಡಾರ್ಮ್, ಅಂದರೆ ಕಾಲೇಜಿನ ಹಾಸ್ಟೆಲ್ಲೇ ಬೇಕು. ಬೇಕೋ ಬೇಡವೋ ಎಂದು ಕಾಲೇಜಿಗೆ ಅಂದೇ ಹೇಳಬೇಕು.

"ಮನ್ರೋದಲ್ಲಿರೋ ಮನೆಯಿಂದ್ಲೇ ದಿನಾ ಕಮ್ಯೂಟ್ ಮಾಡ್ಬಹುದು ಕಣೇ. ಮನೇಲಿ ಬಿಸಿ ಸಾರು ಸಿಗುತ್ತೆ," ಎಂದಿದ್ದೆ.

"ಅಮ್ಮಾ, ಐ ಆಮ್ ನಾಟ್ ಗೋಯಿಂಗ್ ಟು ಕಾಲೇಜ್ ಫಾರ್ ಸಾರು!"

ಕೌಂಟರಿನ ಹುಡುಗಿ ಹೆಸರು ಕೇಳಿದಳು. ಮಗಳ ಹೆಸರು ಹೇಳಿದೆ. ಮಾತು ಮುಗಿಸುವ ಮೊದಲೇ ಅವಳು ಆ ಹೆಸರಿನ ಟ್ಯಾಗನ್ನು ನನ್ನ ಕೊರಳಿಗೆ ಹಾಕಿ, ಟೀ ಶರ್ಟ್ ಕೊಟ್ಟು, ಹೊಸ ವಿದ್ಯಾರ್ಥಿಗಳ ಗುಂಪಿಗೆ ಸೇರಿಸಿಬಿಟ್ಟಳು. ನನ್ನ ತಲೆ ಅರ್ಧ ಬೆಳ್ಳಗಾಗಿದೆ. ಆದರೆ ಈ ದೇಶದಲ್ಲಿ ವಯಸ್ಸು ಕೇಳುವುದು ಅಸಭ್ಯ. ಗುಂಪಿನ ಲೀಡರ್ ಹುಡುಗಿಯಂತೂ, "ಇಟ್ಸ್ ನೆವರ್ ಟೂ ಲೇಟ್," ಎಂದು ನನ್ನ ಭುಜ ತಟ್ಟಿದಳು.

ಅಷ್ಟರಲ್ಲಿ ಮಗಳ ಫೋನ್ ಬಂತು. ಆ ಹೆಸರಿನವರು ಆಗಲೇ ಬಂದಾಯಿತು, ನೀವು ಅವರ ಮನೆಯವರಿರಬೇಕು ಎಂದು ಅವಳಿಗೆ 'ಪೇರೆಂಟ್' ಟ್ಯಾಗ್ ಹಾಕಿ, ಹೆತ್ತವರ ಹಾಲ್‌ನಲ್ಲಿ ಕೂರಿಸಿದ್ದರಂತೆ.

"ಮಾಮ್, ಗೆಟ್ ಔಟ್ ಆಫ್ ದೇರ್!"

"ಹೇಗೆ ಬರ್ಲೇ? ಕೈ ಕೈ ಹಿಡಿಸಿ ರೌಂಡಾಗಿ ನಿಲ್ಲಿಸಿದ್ದಾರೆ!"

ನಿಜಕ್ಕೂ ನಿಲ್ಲಿಸಿದ್ದರು. ಯಾರಿಗೂ ಗೊತ್ತಿರದ ಒಂದು ಸಂಗತಿಯನ್ನು ಎಲ್ಲರೂ ತಮ್ಮ ಬಗ್ಗೆ ಹೇಳಬೇಕಂತೆ. ಒಬ್ಬಳು ಹಲ್ಲಿ ಸಾಕಿದ್ದಾಳೆ. ಇನ್ನೊಬ್ಬನಿಗೆ ಬಾಳೆಹಣ್ಣು ಕಂಡರೆ ಭಯ. ನನ್ನ ಸರದಿ ಬಂದಾಗ, ನಾನು ಅಮ್ಮ ಎಂದು ಹೇಳಿ ತಪ್ಪಿಸಿಕೊಳ್ಳಬೇಕೆಂದೇ ಬಾಯಿ ತೆರೆದೆ. ಹೊರಗೆ ಬಂದದ್ದು ಬೇರೆ.

"ನನಗೆ ಹಾಸ್ಟೆಲ್‌ನಲ್ಲಿರೋ ಆಸೆ ಇತ್ತು," ಎಂದು ಇಂಗ್ಲಿಷಿನಲ್ಲಿ ಹೇಳಿದೆ. "ಅಪ್ಪ ಬಿಡಲಿಲ್ಲ."

ಮಕ್ಕಳೆಲ್ಲ ಚಪ್ಪಾಳೆ ತಟ್ಟಿದರು. ಹಲ್ಲಿಯ ಹುಡುಗಿ ನನ್ನನ್ನು ತಬ್ಬಿಕೊಂಡಳು. ಡಿಗ್ರಿ ಮುಗಿಯುವವರೆಗೂ ಮಂಡ್ಯದಿಂದ ಮೈಸೂರಿಗೆ ದಿನಾ ರೈಲಿನಲ್ಲಿ ಓಡಾಡಿ ಓದಿದವಳು ನಾನು. ಮನೆಯಲ್ಲಿ ಬಿಸಿ ಸಾರು ಸಿಗುತ್ತದೆ, ಹಾಸ್ಟೆಲ್ ಯಾಕೆ ಎಂದಿದ್ದರು ಅಪ್ಪ. ಆ ಸಿಟ್ಟು ಇನ್ನೂ ಹಾಗೇ ಇದೆ ಎಂದು ಅಲ್ಲಿ ನಿಂತಾಗ ಗೊತ್ತಾಯಿತು.

"ಡಾರ್ಮ್ ಬೇಕಾದವರು ಕೈ ಎತ್ತಿ," ಎಂದಳು ಲೀಡರ್.

ಕೈ ಎತ್ತಿದೆ.

ಕೈ ಎತ್ತಿದವರಿಗೆ ರೂಮ್ ತೋರಿಸಲು ಕರೆದುಕೊಂಡು ಹೋದರು. ನಾನು ಮಂಚದ ಮೇಲೆ ಕೂತು ಹಾಸಿಗೆ ಒತ್ತಿ ನೋಡುತ್ತಿರುವಾಗ ಮಗಳು ಕೊರಳಲ್ಲಿ 'ಪೇರೆಂಟ್' ಹಾಕಿಕೊಂಡೇ ನನ್ನನ್ನು ಹುಡುಕಿಕೊಂಡು ಏದುಸಿರು ಬಿಡುತ್ತ ಬಂದಳು.

"ಒಬ್ರು ಆಂಟಿ ನನ್ನ ಹೆಗಲ ಮೇಲೆ ಅತ್ತುಬಿಟ್ರು, ಮಾಮ್!"

"ಪೇರೆಂಟ್ಸ್‌ಗೆ ಏನು ಹೇಳಿಕೊಟ್ರೇ ಅಲ್ಲಿ?"

"ಹಗ್ ದೆಮ್. ಲೀವ್. ಡೋಂಟ್ ಲುಕ್ ಬ್ಯಾಕ್."

ನನ್ನ ಟ್ಯಾಗ್ ತೆಗೆದು ಅವಳ ಕೊರಳಿಗೆ ಹಾಕಿದೆ. "ಹಾಸಿಗೆ ಪರವಾಗಿಲ್ಲ. ಕಿಟಕಿ ಪಕ್ಕದ್ದು ನಿಂಗೆ ಅಂತ ಹೇಳಿಟ್ಟಿದ್ದೀನಿ. ವರ್ಷಕ್ಕೆ."

ಅವಳು ಬಿಗಿಯಾಗಿ ತಬ್ಬಿಕೊಂಡಳು, ಕಾರಿನ ಕೀ ಕೊಟ್ಟಳು.

ಹೊರಗೆ ಬಂದು ಪಾರ್ಕಿಂಗ್ ಲಾಟ್ ಕಡೆ ನಡೆದೆ. ಕಾರು ಸಿಗುವವರೆಗೂ ತಿರುತಿರುಗಿ ಆ ಕಿಟಕಿಯನ್ನೇ ನೋಡಿದೆ. ತಿರುಗಿ ನೋಡಬಾರದೆಂಬ ಪಾಠ ಕೇಳಿದ್ದು ನಾನಲ್ಲವಲ್ಲ.