ಕಿವಿ ಕಂಪನಿಗೆ ನಾನು ಹೇಳಿದ ಮನೆತನ

ಬೀರೂ, ಆ ಸುಳ್ಳು ಹೇಳಿದವಳು ನಾನು. ನಮ್ಮಪ್ಪ ಜಮೀನ್ದಾರ ಎಂದವಳು ನಾನು, ನೀನು ಮ್ಯಾಟ್ರಿಕ್ ಪಾಸಾಗಿದ್ದೀ ಎಂದವಳು ನಾನು. ಗೋಕಾಕದಲ್ಲಿ ತುಂಬಿದ ಸಭೆಯ ಎದುರು ನೀನು ಎದ್ದುನಿಂತು ಅದನ್ನೆಲ್ಲ ನಿನ್ನ ತಲೆಯ ಮೇಲೆ ಹಾಕಿಕೊಂಡೆ. ನಾನು ಹೆಂಗಸರ ನಡುವೆ ಕುಳಿತು ಸೆರಗನ್ನು ಬಾಯಿಗೆ ಒತ್ತಿಕೊಂಡೆ.

ಇಷ್ಟು ನಿನಗೆ ಗೊತ್ತೇ ಇದೆ. ಗೊತ್ತಿದ್ದೂ ನೀನು ಒಂದು ದಿನ ನನ್ನನ್ನು ಅಂದಾಡಲಿಲ್ಲ. ಆದರೆ ನಿನಗೆ ಗೊತ್ತಿಲ್ಲದ್ದು ಇನ್ನೊಂದಿದೆ — ಅದನ್ನು ಬರೆಯಬೇಕೆಂದೇ ಕುಳಿತವಳು, ಬರೆಯಲು ಹೋದರೆ… ಇರಲಿ. ಮೊದಲಿನಿಂದ ಬರೆಯುತ್ತೇನೆ. ನಿನ್ನ ಮಕ್ಕಳೂ ಇದನ್ನು ಓದಬೇಕು. ಅವರಿಗೆ ಆ ದಿನಗಳು ಗೊತ್ತಿಲ್ಲ. ನಾಲ್ಕನೆಯ ಇಯತ್ತೆಗೆ ಸಾಲೆ ಬಿಟ್ಟವಳ ಬರಹ, ತಪ್ಪಿದ್ದಲ್ಲಿ ತಿದ್ದಿಕೊಳ್ಳಲಿ.

ಎಂಥ ದಿನಗಳವು! ರಾಜ್ಯ ಒಂದಾದ ಹೊಸತು. ಮುಂಬಯಿಗೆ ಸೇರಿದ್ದ ನಾವು ಮೈಸೂರಿಗೆ ಸೇರಿದ್ದೆವು, ನಮ್ಮ ಜೊತೆ ಕಚೇರಿಗಳ ಕಾಗದಗಳೂ ಗಂಟುಗಂಟಾಗಿ ಅತ್ತಿಂದಿತ್ತ ಓಡಾಡುತ್ತಿದ್ದವು. ನೀನು ಮೂಡಲಗಿಯ ಸೊಸೈಟಿಯಲ್ಲಿ ಕಾರಕೂನ. ಯಾರ ಹೊಲದಲ್ಲಿ ಬಾವಿ ಇದೆ, ಯಾರು ಕಬ್ಬು ಹಚ್ಚಿದ್ದಾರೆ ಎಂದು ಮೇಲಿನವರು ಕೇಳಿದರೆ ದಿನವಿಡೀ ಗಂಟು ಬಿಚ್ಚಿ ಕಟ್ಟುವುದೇ ನಿಮ್ಮ ಕೆಲಸವಾಗಿತ್ತು.

ಒಂದು ಸಂಜೆ ನೀನು ಸೈಕಲ್ಲನ್ನು ಗೋಡೆಗೆ ಒರಗಿಸಲೂ ಇಲ್ಲ, ಕಲ್ಲೋಳಿಯ ನಮ್ಮ ಮನೆಯ ಅಂಗಳದಲ್ಲಿ ಕೆಡವಿ ಒಳಗೆ ಓಡಿಬಂದೆ.

"ಅಕ್ಕಾ, ಛತ್ರಿ ಎಲ್ಲೈತಿ?"

"ಬಿಸಲಾಗ ಛತ್ರಿ ಯಾಕೋ?"

ಹೇಳುವಷ್ಟು ಪುರಸತ್ತು ನಿನಗೆಲ್ಲಿತ್ತು! ನನ್ನ ಗಂಡನ ಛತ್ರಿಯ ಒಂದು ಕಡ್ಡಿಯನ್ನು ಮುರಿದೇಬಿಟ್ಟೆ. ಜೇಬಿನಿಂದ ದಪ್ಪ ಕಾಗದದ ಕಾರ್ಡುಗಳನ್ನು ತೆಗೆದೆ. ಒಬ್ಬೊಬ್ಬ ರೈತನಿಗೆ ಒಂದೊಂದು ಕಾರ್ಡು, ಅದರ ಅಂಚಿಗೆ ಸಾಲಾಗಿ ತೂತುಗಳು. ಈ ತೂತೆಂದರೆ ಬಾವಿ, ಇದು ಕಬ್ಬು, ಇದು ಎತ್ತಿನ ಜೋಡಿ. ಬಾವಿ ಇದ್ದವನ ಕಾರ್ಡಿನಲ್ಲಿ ಬಾವಿಯ ತೂತನ್ನು ಅಂಚಿನವರೆಗೆ ಕತ್ತರಿಸಿ ಬಾಯಿ ಬಿಡಿಸಿದ್ದೆ. ಎಲ್ಲ ಕಾರ್ಡುಗಳನ್ನು ಒತ್ತಿ ಹಿಡಿದು ಆ ತೂತಿನೊಳಗೆ ಕಡ್ಡಿ ತೂರಿಸಿ ಮೇಲಕ್ಕೆತ್ತಿದೆ — ಬಾವಿ ಇದ್ದವರೆಲ್ಲ ತಪತಪ ನೆಲಕ್ಕೆ ಉದುರಿದರು! ಇಲ್ಲದವರು ಕಡ್ಡಿಗೆ ಜೋತುಕೊಂಡೇ ಉಳಿದರು.

ನಾನು ಕಿರುಚಿದೆ. ಇನ್ನೊಮ್ಮೆ ಮಾಡು, ಇನ್ನೊಮ್ಮೆ ಮಾಡು ಎಂದೆ. ಒಲೆಯ ಮೇಲಿನ ರೊಟ್ಟಿ ಸುಟ್ಟು ಕರಿಯಾದದ್ದು ಇಬ್ಬರಿಗೂ ತಿಳಿಯಲಿಲ್ಲ.

"ಇದನ್ನ ಯಾರ ಹತ್ರ ಕಲ್ತಿಯೋ?"

"ಅಪ್ಪನ ಹತ್ರ. ಅಂವ ಕುರಿ ಕಿವಿ ಕತ್ತರಸೂದಿಲ್ಲೇನ? ಕಾಕಾನ ಹಿಂಡಿನಾಗ ನಮ್ಮ ಕುರಿ ಕೂಡಿದ್ರೂ ಕಿವಿ ನೋಡಿ ಬ್ಯಾರೆ ಮಾಡ್ತಾನ. ನಾ ಕಾಗದದ ಕಿವಿ ಕತ್ತರಿಸೇನಿ, ಅಷ್ಟ."

ಕುರಿಯ ಕಿವಿಯ ಅಂಚಿಗೆ ಒಂದು ಕಚ್ಚು ಹಾಕಿದರೆ ಅದು ಯಾರದು, ಯಾವ ತಳಿಯದು ಎಂದು ನಮ್ಮವರಿಗೆ ದೂರದಿಂದಲೇ ತಿಳಿಯುತ್ತದೆ. ಹುಟ್ಟಿದಾಗಿನಿಂದ ನೋಡಿದ್ದೆವಲ್ಲ. ಅದು ಹೀಗೂ ಕೆಲಸಕ್ಕೆ ಬಂದೀತೆಂದು ಹೊಳೆದದ್ದು ನಿನ್ನೊಬ್ಬನಿಗೆ.

ಆಮೇಲೆ ಎಲ್ಲವೂ ಓಡತೊಡಗಿತು. ಗೋಕಾಕದ ಒಬ್ಬ ಪ್ರೆಸ್ಸಿನ ಸಾವಕಾರರು ಕಾರ್ಡು ಮಾಡಿಕೊಡಲು ಮುಂದೆ ಬಂದರು. ಹುಕ್ಕೇರಿಯ ಕಡೆಯ ನಿವೃತ್ತ ಮಾಮಲೇದಾರ ಸಾಹೇಬರು, ಸಿಟ್ಟಿನ ಮನುಷ್ಯ, ನಿನ್ನ ಕಡ್ಡಿಯ ಆಟ ನೋಡಿ ಕುರ್ಚಿಯಿಂದ ಎದ್ದೇಬಿಟ್ಟರಂತೆ. ಕಂಪನಿ ಮಾಡೋಣ, ಸೊಸೈಟಿಗಳಿಗೆ, ಸಾಲೆಗಳಿಗೆ, ದವಾಖಾನೆಗಳಿಗೆ ಮಾಹಿತಿಯ ಕಪಾಟು ಮಾಡಿಕೊಡೋಣ ಎಂದರು. ಮಂದಿ ಆಗಲೇ ಹೆಸರಿಟ್ಟರು — ಕಿವಿ ಕಂಪನಿ. ನೀನು ವಾರದಲ್ಲಿ ಅರ್ಧಕ್ಕರ್ಧ ದಿನ ಊಟವನ್ನೇ ಮರೆಯುತ್ತಿದ್ದೆ. ನಾನು ಬಾವಿಗೆ ಹೋದಲ್ಲೆಲ್ಲ "ನಮ್ಮ ಬೀರ್ಯಾ ಡೈರೆಕ್ಟರ್ ಆಗ್ತಾನ" ಎನ್ನುತ್ತಿದ್ದೆ. ಡೈರೆಕ್ಟರ್ ಎಂದರೆ ಏನೆಂದು ನನಗೆ ಎಲ್ಲಿ ಗೊತ್ತಿತ್ತು? ಆದರೂ ಹೇಳುವಾಗ ಕೊಡ ಹಗುರಾಗುತ್ತಿತ್ತು.

ಮಾಮಲೇದಾರರದು ಒಂದೇ ಹಟ. ಮಂದಿ ತಮ್ಮ ಮನೆಯ ಮಾತು ನಮ್ಮ ಕಪಾಟಿನಲ್ಲಿಡಬೇಕಾದರೆ ಕಪಾಟು ಕಾಯುವವರು ಎಂಥವರೆಂದು ತಿಳಿದಿರಬೇಕು. ಡೈರೆಕ್ಟರುಗಳ ಹಿನ್ನೆಲೆಯನ್ನು ಎಲ್ಲರೆದುರು ಹೇಳಬೇಕು ಎಂದು. ಆದರೆ ಹಿನ್ನೆಲೆ ವಿಚಾರಿಸುವುದು ಹೇಗೆ? ನಮ್ಮ ಕಡೆಯವರಿಗೆ ಗೊತ್ತಿದ್ದದ್ದು ಒಂದೇ ಥರದ ವಿಚಾರಣೆ, ಹೆಣ್ಣು ಗಂಡು ಕೂಡಿಸುವಾಗ ಮಾಡುವಂಥದು. ಹಾಗಾಗಿ ಆ ಕೆಲಸ ಘೋಡಗೇರಿಯ ದುಂಡಪ್ಪ ಕಾಕಾನ ಪಾಲಿಗೆ ಬಂತು. ಸುತ್ತಲಿನ ಅರ್ಧ ಸಂಬಂಧಗಳನ್ನು ಕೂಡಿಸಿದವನು ಅವನೇ. ಮಾಮಲೇದಾರರ ಮನೆಯನ್ನೂ ಬಿಡದೆ ಹೋಗಿ ಕೇಳಿದನಂತೆ. ಅವರ ಸೊಸೆ, "ಮಾವನೋರಿಗೆ ಸಿಟ್ಟು ಭಾಳ್ರಿ, ಖರೆ ಸುಳ್ಳು ಮಾತ್ರ ಅವರ ಬಾಯಾಗ ಬರಂಗಿಲ್ರಿ" ಎಂದಳಂತೆ.

ನಮ್ಮ ಮನೆಗೂ ಬಂದ. ನೀನು ಮೂಡಲಗಿಯಲ್ಲಿದ್ದೆ, ಅಪ್ಪ ಕೌಜಲಗಿಯ ಬಯಲಲ್ಲಿ ಕುರಿಯ ಬೆನ್ನು ಹತ್ತಿದ್ದ. ತಾಯಿಯಿಲ್ಲದ ನಿನ್ನನ್ನು ಸಾಕಿದವಳು ಎಂದು ನನ್ನನ್ನೇ ಕೇಳಿದ. ಕಂಬಳಿ ಹಾಸಿದೆ, ಚಹಾ ಕೊಟ್ಟೆ.

"ನೋಡವಾ ತಂಗಿ, ಸಂಬಂಧ ಕೇಳಾಕ ಬಂದೇನಿ ಅಂತ ತಿಳಕೊ. ಹುಡುಗ ಎಷ್ಟು ಕಲ್ತಾನು?"

ಬೀರೂ, ಅವನು ಹಾಗೆ ಕೇಳಿದ್ದೇ ತಡ, ನನ್ನ ನಾಲಿಗೆ ತಾನಾಗಿ ಹೊರಳಿತು. ಸಂಬಂಧಕ್ಕೆ ಬಂದವರ ಮುಂದೆ ಯಾವ ಅಕ್ಕ ತಮ್ಮನನ್ನು ಇದ್ದಷ್ಟೇ ಹೇಳುತ್ತಾಳೆ? ಒಂದು ಎಕರೆ ಎರಡಾಗುತ್ತದೆ, ಏಳನೆಯ ಇಯತ್ತೆ ಮ್ಯಾಟ್ರಿಕ್ ಆಗುತ್ತದೆ. ಎಲ್ಲರೂ ಹೇಳುತ್ತಾರೆ, ಕೇಳುವವರೂ ಸ್ವಲ್ಪ ಕಳೆದೇ ಕೇಳಿಸಿಕೊಳ್ಳುತ್ತಾರೆ — ಹಾಗೆಂದುಕೊಂಡೆ.

"ಮ್ಯಾಟ್ರಿಕ್ ಪಾಸ್ ಅದಾನ್ರಿ. ಕೊಲ್ಲಾಪುರದಾಗ ಕಲ್ತಾನ."

"ತಂದಿ?"

ಇಲ್ಲಿ ನಿಲ್ಲಬಹುದಿತ್ತು.

"ಕೌಜಲಗ್ಯಾಗ ಜಮೀನ ಐತ್ರಿ. ಕುರಿ ನೋಡಾಕ ಆಳು ಇಟ್ಟಾರ್ರಿ."

"ಮತ್ತ ಈ ಕಾರ್ಡಿನ ವಿದ್ಯಾ?"

"ಪುಣೇದಾಗ ಒಬ್ಬ ಸಾಹೇಬ ಕಲಿಸ್ಯಾನ್ರಿ."

ಎಲ್ಲಿಂದ ಬಂದನೋ ಆ ಪುಣೆಯ ಸಾಹೇಬ! ದುಂಡಪ್ಪ ಕಾಕಾ ತಲೆದೂಗಿ ಚಹಾ ಮುಗಿಸಿ ಎದ್ದ. ನಾನು ಗೆದ್ದವಳಂತೆ ಬಾಗಿಲಲ್ಲಿ ನಿಂತಿದ್ದೆ. ನಿನಗೂ ಹೇಳಲಿಲ್ಲ. ಸಭೆಯಲ್ಲಿ ಕೇಳಿ ಖುಷಿಪಡಲಿ ಎಂದು.

ಸಭೆಯ ದಿನ! ಪ್ರೆಸ್ಸಿನ ಮುಂದಿನ ಅಂಗಳದಲ್ಲಿ ಕಾಲಿಡಲು ಜಾಗವಿರಲಿಲ್ಲ. ನೀನು ಹೊಸ ಟೊಪ್ಪಿಗೆ ಹಾಕಿಕೊಂಡು ಮೇಜಿನ ಹಿಂದೆ ನಿಂತಿದ್ದೆ, ಕೈಯಲ್ಲಿ ಈಗ ಉಕ್ಕಿನ ಕಡ್ಡಿ. ಮಂದಿ ಕೂಗಿ ಕೂಗಿ ಕೇಳುತ್ತಿದ್ದರು.

"ಎಮ್ಮಿ ಇದ್ದಾವರ್ನ ತಗೀರಿ!" — ತೆಗೆದೆ.

"ಎಮ್ಮೀನೂ ಇದ್ದು ಬಾವೀನೂ ಇದ್ದಾವರ್ನ!" — ಕಡ್ಡಿ ಎರಡು ಸಲ ಆಡಿತು, ತೆಗೆದೆ.

"ಹೆಂಡ್ತಿಗೆ ಅಂಜಾವರ್ನ ತಗೀ ನೋಡೂನು!"

"ಅದಕ್ಕ ಕಡ್ಡಿ ಯಾಕ ಬೇಕ್ರಿ, ಎಲ್ಲಾ ಕಾರ್ಡೂ ತಾವ ಬೀಳ್ತಾವು!" ಎಂದೆ ನೀನು.

ಹೆಂಗಸರು ನಕ್ಕ ನಗುವಿಗೆ ಪ್ರೆಸ್ಸಿನ ತಗಡು ನಡುಗಿತು. ಮಾಮಲೇದಾರರು ಕೂಡ ಮೀಸೆಯ ಮರೆಯಲ್ಲಿ ನಕ್ಕರು. ಹಿಗ್ಗಿನಲ್ಲಿ ನಾನು ಪಕ್ಕದವಳ ಕೈಯನ್ನು ಹಿಡಿದುಕೊಂಡಿದ್ದೆ. ಅವಳು ಯಾರೆಂದೇ ನನಗೆ ಗೊತ್ತಿರಲಿಲ್ಲ.

ಅಪ್ಪ ಬಂದಿದ್ದ. ಹಿಂಡನ್ನು ನಮ್ಮ ಕಾಕಾನಿಗೆ, ಅಂದರೆ ತನ್ನ ತಮ್ಮನಿಗೆ ಒಪ್ಪಿಸಿ, ಹೆಗಲ ಮೇಲೆ ಕಂಬಳಿ ಹಾಕಿಕೊಂಡು, ಎಲ್ಲರಿಗಿಂತ ಹಿಂದೆ ಬಡಿಗೆ ಊರಿ ನಿಂತಿದ್ದ. ಅವನನ್ನು ಕಂಡ ಮೇಲೆಯೇ, ನನ್ನ ಸುಳ್ಳು ಅವನ ಎದುರೇ ಹೊರಬೀಳುತ್ತದೆಂದು ನನಗೆ ಹೊಳೆದದ್ದು. ಅಷ್ಟರಲ್ಲಿ ದುಂಡಪ್ಪ ಕಾಕಾ ಎದ್ದು ಒಬ್ಬೊಬ್ಬರ ಮನೆತನ ಹೇಳತೊಡಗಿದ್ದ, ನಿಶ್ಚಯದ ದಿನ ಹೇಳುವ ಧಾಟಿಯಲ್ಲೇ.

"ಇನ್ನ ಬೀರಪ್ಪ ಲಕ್ಕಪ್ಪ, ಊರು ಕಲ್ಲೋಳಿ. ಮ್ಯಾಟ್ರಿಕ್ ಪಾಸ್. ಇವರ ತಂದಿ ಲಕ್ಕಪ್ಪ ಕೌಜಲಗಿ ಜಮೀನ್ದಾರರು. ಈ ವಿದ್ಯಾ ಪುಣೇದ ಸಾಹೇಬರ ಕಡಿಂದ—"

ನೀನು ಬೆಚ್ಚಿ ಅವನತ್ತ ನೋಡಿದೆ. ಹಿಂದಿನಿಂದ ಕಲ್ಲೋಳಿಯವನೊಬ್ಬ ಕೂಗಿದ:

"ಏ ಲಕ್ಕಪ್ಪಜ್ಜಾ, ಯಾವಾಗ ಜಮೀನ್ದಾರ ಆದಿಯೋ? ನಮಗೂ ಒಂದೀಟು ಕೊಡಲಾ!"

ಎಲ್ಲರೂ ತಿರುಗಿ ಅಪ್ಪನನ್ನು ನೋಡಿ ನಕ್ಕರು. ಅಪ್ಪ ನಗಲಿಲ್ಲ, ಸಿಟ್ಟಿಗೂ ಏಳಲಿಲ್ಲ. ನಿನ್ನನ್ನೇ ನೋಡುತ್ತಿದ್ದ.

ಮಾಮಲೇದಾರರು ಎದ್ದರು. "ಇದನ್ನ ಯಾರು ಹೇಳಿದ್ರು ದುಂಡಪ್ಪಾ?"

ದುಂಡಪ್ಪ ಕಾಕಾ ಹೆಂಗಸರ ಕಡೆಗೆ ಕಣ್ಣು ಹೊರಳಿಸಿದ. ನಾನು ತಲೆ ತಗ್ಗಿಸಿದೆ. ನೀನು ಅವನ ಕಣ್ಣು ಹೋದ ದಾರಿ ನೋಡಿದೆ, ನನ್ನನ್ನು ನೋಡಿದೆ.

"ನಾನ ಹೇಳಿ ಕಳಿಸಿದ್ನಿರಿ," ಎಂದೆ ನೀನು.

"ಕುರಿ ಕಾಯಾವನ ಮಗ ಅಂದಿದ್ರ ನಾ ಬ್ಯಾಡ ಅಂತಿದ್ದಿಲ್ಲೋ ತಮ್ಮಾ," ಎಂದರು ಮಾಮಲೇದಾರರು. ಆ ಸಿಟ್ಟಿನ ಮನುಷ್ಯನ ದನಿ ಅಂದು ಮೆತ್ತಗಿತ್ತು. "ಖರೆ ಇದು ಮಂದೀ ಮಾತು ಕಾಯೂ ಕಂಪನಿ. ತನ್ನ ಮನೀ ಮಾತ ಕೆಡಿಸಿದಾವನ್ನ ಹೆಂಗ ಕುಂಡರಸ್ಲಿ?"

ಡೈರೆಕ್ಟರುಗಳ ಪಟ್ಟಿಯಿಂದ ನಿನ್ನ ಹೆಸರು ಹೋಯಿತು. ನೀನೇ ಹುಟ್ಟಿಸಿದ ಕಂಪನಿಯ ಮೇಜಿನಿಂದ ನೀನು ಇಳಿದು ಬಂದೆ. ಪಗಾರದ ಮೇಲೆ ಇರು ಎಂದರು, ನೀನು ಒಪ್ಪಲಿಲ್ಲ. ಕಂಪನಿ ನೀನಿಲ್ಲದೆಯೂ ಕೆಲವು ವರ್ಷ ನಡೆಯಿತು, ಆಮೇಲೆ ಮುಚ್ಚಿತು. ನೀನು ಹುಕ್ಕೇರಿಗೆ ಹೋಗಿ ಬೇರೆ ನೌಕರಿ ಹಿಡಿದೆ.

ಈಗ ನಿನಗೆ ಗೊತ್ತಿಲ್ಲದ್ದು.

ಅಂದು ಗೋಕಾಕದ ಬಸ್ ಸ್ಟ್ಯಾಂಡಿನಲ್ಲಿ ನನ್ನನ್ನು ಬದಿಗೆ ಕರೆದು ನೀನು ಒಂದೇ ಮಾತು ಹೇಳಿದೆ: "ಯಾರಿಗೂ ಹೇಳಬ್ಯಾಡ ಅಕ್ಕಾ. ಅಪ್ಪಗಷ್ಟ ಖರೆ ಹೇಳಿಬಿಡು." ನಾನು ಹೂಂ ಎಂದೆ. ಅಪ್ಪನ ಜೊತೆ ಬಸ್ಸಿನಲ್ಲಿ ಕುಳಿತೆ. ಬಸ್ಸು ಘಟಪ್ರಭೆ ದಾಟಿತು. ಆಮೇಲೆ ಅಪ್ಪ ಕೇಳಿದ —

"ಲಗಮೀ, ನನಗ ಅಪ್ಪ ಅನ್ನಾಕ ಅಂವಗ ನಾಚಿಕಿ ಬಂತೇನ?"

ಬೀರೂ, "ಅಂವ ಅಲ್ಲಪ್ಪಾ, ನಾನು" — ಇಷ್ಟೇ ಸಾಕಿತ್ತು. ನಾಲಿಗೆಯ ತುದಿಗೆ ಬಂದಿತ್ತು. ಆದರೆ ಅಪ್ಪ ನನ್ನ ಮುಖವನ್ನು ನೋಡುತ್ತಿದ್ದ, ನನ್ನನ್ನು ಬಿಟ್ಟರೆ ತನಗೆ ಇನ್ನಾರೂ ಇಲ್ಲ ಎಂಬಂತೆ. ಆ ನೋಟವನ್ನು ಕಳೆದುಕೊಳ್ಳಲು ನನಗೆ ಆಗಲಿಲ್ಲ.

"ಬಿಡಪ್ಪಾ, ಹುಡುಗ. ದೊಡ್ಡವರ ನಡಕ ಹಂಗ ಅಂದಿರ್ತಾನ," ಎಂದೆ.

ಮುಂದೆ ನೀನು ಕೇಳಿದಾಗ, "ಹೇಳೇನಿ, ಎಲ್ಲಾ ಹೇಳೇನಿ" ಎಂದೆ. ನೀನು ನಂಬಿದೆ. ಹಬ್ಬಕ್ಕೆ ಧೋತರ ತೆಗೆದುಕೊಂಡು ಹಟ್ಟಿಗೆ ಹೋದಾಗಲೆಲ್ಲ ಅಪ್ಪ ಹಿಂಡಿನ ಆಚೆ ಬದಿಗೆ ನಡೆದುಬಿಡುತ್ತಿದ್ದ. ನೀನು ಧೋತರವನ್ನು ನಮ್ಮ ಕಾಕಾನ ಕೈಗೆ ಕೊಟ್ಟು ಮರಳುತ್ತಿದ್ದೆ. ಅಪ್ಪನನ್ನು ಮಣ್ಣು ಮಾಡಿ ಬಂದ ದಿನ ನೀನು ನನ್ನ ಮಗ್ಗುಲಲ್ಲಿ ಕುಳಿತು, "ಖರೆ ತಿಳದ ಮ್ಯಾಲೂ ಅಪ್ಪಗ ನನ್ನ ಮ್ಯಾಲ ಅಷ್ಟ ಸಿಟ್ಟು ಯಾಕಿತ್ತಕ್ಕಾ?" ಎಂದು ಕೇಳಿದೆ. ನಾನು "ನನಗೇನ ಗೊತ್ತಪಾ" ಎಂದು ನಿನ್ನ ತಲೆ ನೇವರಿಸಿದೆ. ಆ ಕೈಯಿಂದಲೇ ಇದನ್ನು ಬರೆಯುತ್ತಿದ್ದೇನೆ.

ಅಪ್ಪನಿಗೆ ನಿಜ ತಿಳಿದಿರಲೇ ಇಲ್ಲ. ಸಾಯುವವರೆಗೂ ಮಗನಿಗೆ ತಾನು ಬೇಡವಾದೆ ಎಂದೇ ತಿಳಿದಿದ್ದ. ಅದು ಸಿಟ್ಟಲ್ಲ ಬೀರೂ — ನಿನಗೆ ನಾಚಿಕೆಯಾಗದಿರಲಿ ಎಂದು ದೂರ ಹೋಗುತ್ತಿದ್ದ.

ಕ್ಷಮಿಸು ಎಂದು ಬರೆಯುವುದಿಲ್ಲ. ಕೇಳಬೇಕಾದ ಇಬ್ಬರಲ್ಲಿ ಒಬ್ಬ ಇಲ್ಲ. ಆದರೆ ಕೌಜಲಗಿಯ ನಮ್ಮವರು ಇವತ್ತಿಗೂ ನಿನ್ನನ್ನು ತಂದೆಯನ್ನು ಮುಚ್ಚಿಟ್ಟ ಮಗ ಎನ್ನುತ್ತಾರೆ, ನಿನ್ನ ಮಕ್ಕಳ ಎದುರಿಗೇ. ಈ ಸೋಮವಾರ ಅಲ್ಲಿಗೆ ಹೋಗುತ್ತೇನೆ. ಕಾಕಾನನ್ನೂ ಹಟ್ಟಿಯವರನ್ನೂ ಕೂಡಿಸಿ, ಹೇಳಿದವಳು ನಾನು, ಮುಚ್ಚಿಟ್ಟವಳು ನಾನು ಎನ್ನುತ್ತೇನೆ. ಅಲ್ಲಿಂದ ನೇರ ಹುಕ್ಕೇರಿಯ ಬಸ್ಸು. ನೀನು ಬಾಗಿಲು ತೆಗೆಯದಿದ್ದರೆ ಅದೂ ನ್ಯಾಯವೇ. ಹೊರಗಿನ ಕಟ್ಟೆಯ ಮೇಲೆ ಕುಳಿತು, ನಿನ್ನ ಮಕ್ಕಳಿಗೂ ಓಣಿಯವರಿಗೂ ಕೇಳಿಸುವಂತೆ, ಗಟ್ಟಿಯಾಗಿ ಹೇಳಿಯೇ ಮರಳುತ್ತೇನೆ.